ಒಂದು ಕಂಪನಿಯ ಬ್ಯಾಟರಿ, ಇನ್ನೊಂದು ಕಂಪನಿಯ ಗ್ರೈಂಡರ್: ಅಡಾಪ್ಟರ್ ಮಾಡಬಹುದಾ?

ಗರಗಸದಪ್ಪ
ನನ್ನ ಹತ್ತಿರ ಮಕಿಟಾ ಡ್ರಿಲ್ ಇದೆ, 18 ವೋಲ್ಟ್‌ನ ಎರಡು ಬ್ಯಾಟರಿ ಸಮೇತ. ಈಗ ಡಿವಾಲ್ಟ್ ಗ್ರೈಂಡರ್ ಒಂದು ಕೈಗೆ ಬಂದಿದೆ, ಬರೀ ಮೆಷಿನ್. ಮೇಲೆ 20 ವೋಲ್ಟ್ ಮ್ಯಾಕ್ಸ್ ಅಂತ ಬರೆದಿದೆ. ಇದೊಂದಕ್ಕೋಸ್ಕರ ಇನ್ನೊಂದು ಬ್ಯಾಟರಿ, ಇನ್ನೊಂದು ಚಾರ್ಜರ್ ತರಲು ಮನಸ್ಸಿಲ್ಲ. 3ಡಿ ಪ್ರಿಂಟ್ ಮಾಡಿ ಅಡಾಪ್ಟರ್ ಕೂರಿಸಿದರೆ ನಡೆಯುತ್ತಾ? 2 ವೋಲ್ಟ್ ಕಮ್ಮಿ ಆದರೆ ತೊಂದರೆನಾ?

ತಂತಿ_ಬೆಸುಗೆ
ಆ 2 ವೋಲ್ಟ್ ಇಲ್ಲವೇ ಇಲ್ಲ. ಎರಡರಲ್ಲೂ ಸಾಲಾಗಿ 5 ಸೆಲ್. ಒಂದಕ್ಕೆ 3.6 ಅಂತ ಲೆಕ್ಕ ಹಾಕಿದರೆ 18, ಫುಲ್ ಚಾರ್ಜ್‌ನಲ್ಲಿ 4 ಅಂತ ಹಿಡಿದರೆ 20. ಹೆಸರಲ್ಲಷ್ಟೇ ವ್ಯತ್ಯಾಸ. ನೋಡಬೇಕಾದ್ದು ಬೇರೆ: ಪ್ಲಸ್ ಮೈನಸ್ ಬಿಟ್ಟು ಉಳಿದ ಸಣ್ಣ ಪಿನ್‌ಗಳು.

ಹಳೇ_ಪ್ಯಾಕ್
ಆ ಸಣ್ಣ ಪಿನ್‌ಗಳೇ ನನ್ನ ಒಂದು ಬ್ಯಾಟರಿ ಪ್ಯಾಕ್ ತಿಂದವು. ಎಷ್ಟೋ ಪ್ಯಾಕ್‌ಗಳಲ್ಲಿ ಕರೆಂಟ್ ಕಡಿಯುವ ಸ್ವಿಚ್ ಒಳಗೆ ಇರುವುದೇ ಇಲ್ಲ, ಚಾರ್ಜ್ ಮುಗೀತು ಅಂತ ಪಿನ್‌ನಲ್ಲಿ ಸುದ್ದಿ ಹೋಗುತ್ತದೆ ಅಷ್ಟೇ, ನಿಲ್ಲಿಸುವುದು ಮೆಷಿನ್. ನಾನು ಎರಡೇ ತಂತಿ ಎಳೆದಿದ್ದೆ. ಸುದ್ದಿ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ. ಬ್ಲೋವರ್ ಹಾಯಾಗಿ ಓಡಿತು, ಸದ್ದು ಇಳಿಯುತ್ತಾ ಬಂತು, ನಾನು ಸುಮ್ನೆ ಒತ್ತಿ ಹಿಡಿದೇ ಇದ್ದೆ. ಆಮೇಲೆ ಅಳೆದರೆ ಪ್ಯಾಕ್ 9 ವೋಲ್ಟ್. ಚಾರ್ಜರ್ ಮುಟ್ಟಲೇ ಇಲ್ಲ, ಕೆಂಪು ಲೈಟ್ ಮಿಣಮಿಣ. ಸೆಲ್‌ಗೆ 3 ವೋಲ್ಟ್, ಅಂದರೆ ಪ್ಯಾಕ್ 15ಕ್ಕೆ ಬಂದಾಗಲೇ ನಿಲ್ಲಿಸಬೇಕಿತ್ತು.

ಮೆಷಿನ್ ಸ್ಟಾರ್ಟ್ ಆಗದಿದ್ದರೆ ಕೆಲವರು ಟೆಂಪರೇಚರ್ ಪಿನ್‌ಗೆ 10 ಕಿಲೋಓಮ್ ರೆಸಿಸ್ಟರ್ ಹಾಕಿ ಯಾಮಾರಿಸುತ್ತಾರೆ. ಮಾಡಬೇಡಿ. ಪ್ಯಾಕ್ ಕೆಂಡವಾಗಿದ್ದರೂ ಮೆಷಿನ್‌ಗೆ ತಣ್ಣಗಿದೆ ಅಂತಲೇ ಕಾಣುತ್ತದೆ.

ತಂತಿ_ಬೆಸುಗೆ
ಅದಕ್ಕೇ ಮಧ್ಯದಲ್ಲಿ 15 ವೋಲ್ಟ್‌ಗೆ ಕಡಿಯುವ ಮಾಸ್ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಬೋರ್ಡ್ ಹಾಕಿ. ಪುಟ್ಟ ರಿಲೇ (ಲೋಹದ ಕಾಂಟ್ಯಾಕ್ಟ್ ತಾಗಿಸಿ ಬಿಡಿಸುವ ಸ್ವಿಚ್) ಬೇಡ, ಕಾಂಟ್ಯಾಕ್ಟ್ ಅಂಟಿಕೊಂಡುಬಿಡುತ್ತದೆ. ಸ್ವಿಚ್ ಒತ್ತಿದ ಕ್ಷಣ ವೋಲ್ಟೇಜ್ ಕುಸಿಯುತ್ತದೆ, ಆದ್ದರಿಂದ ಒಂದು ಸೆಕೆಂಡಾದರೂ ತಡೆದು ಕಡಿಯುವಂಥದ್ದೇ ಬೇಕು, ಇಲ್ಲದಿದ್ದರೆ ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ಆಫ್ ಆಗುತ್ತಾ ತಲೆ ತಿನ್ನುತ್ತದೆ.

ಗ್ರೈಂಡರ್ ಅಂದರೆ 30 ಆಂಪ್ಸ್ ಮಾಮೂಲು. ತಂತಿ ಗಿಡ್ಡ ಇರಲಿ, 12 ಗೇಜ್ ದಪ್ಪ ಇರಲಿ, ಪ್ಲಸ್ ಕಡೆ ಫ್ಯೂಸ್ ಇರಲಿ. ಪಿಎಲ್ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ, ಎಬಿಎಸ್‌ನಲ್ಲಿ ಪ್ರಿಂಟ್ ಮಾಡಿ. ಪಿನ್‌ಗೆ ತಾಗುವ ಲೋಹದ ಪಟ್ಟಿಗೆ ತಂತಿ ಬೆಸುಗೆ ಮೊದಲು, ಪಟ್ಟಿಯನ್ನು ಪ್ರಿಂಟ್‌ನಲ್ಲಿ ಕೂರಿಸುವುದು ಆಮೇಲೆ. ನಾನು ಉಲ್ಟಾ ಮಾಡಿ ಪ್ರಿಂಟ್‌ನ್ನೇ ಕರಗಿಸಿದ್ದೆ.

ಗರಗಸದಪ್ಪ
ಇಷ್ಟೆಲ್ಲ ಇದೆಯಾ! ಅದೇ ಅಡಾಪ್ಟರ್‌ನಲ್ಲಿ ಚಾರ್ಜ್‌ನೂ ಮಾಡಬಹುದಾ?

ಹಳೇ_ಪ್ಯಾಕ್
ಬೇಡವೇ ಬೇಡ. ಚಾರ್ಜಿಂಗ್‌ಗೆ ಅದರದ್ದೇ ಚಾರ್ಜರ್. ಕೆಲಸ ಮುಗಿದ ಮೇಲೆ ಅಡಾಪ್ಟರ್ ಕಳಚಿಡಿ, ಬೋರ್ಡ್ ಕೂಡ ಹನಿಹನಿ ಕರೆಂಟ್ ಕುಡಿಯುತ್ತಿರುತ್ತದೆ.

ಗರಗಸದಪ್ಪ
ಸರಿ, ಗ್ರೈಂಡರ್‌ಗೆ ಅದರದ್ದೇ ಬ್ಯಾಟರಿ ನೋಡುತ್ತೇನೆ. ಅಡಾಪ್ಟರ್ ಮೊದಲು ಎಲ್ಇಡಿ ಲೈಟ್‌ಗೆ ಮಾಡಿ ಕೈ ಪಳಗಿಸಿಕೊಳ್ಳುತ್ತೇನೆ.