ಸಹಾಯ ಬೇಕು: ಪ್ರಾಣಿಜನ್ಯ ಅಲ್ಲದ ವಿಟಮಿನ್ ಡಿ ಮೈಸೂರಲ್ಲಿ ಎಲ್ಲಿ ಸಿಗುತ್ತೆ?

ನಮ್ಮತ್ತೆಗೆ ಡಾಕ್ಟರು ವಾರಕ್ಕೊಂದು 60,000 ಯೂನಿಟ್ ವಿಟಮಿನ್ ಡಿ ಬರೆದುಕೊಟ್ಟಿದ್ದಾರೆ. ಸ್ಟ್ರಿಪ್ ಹಿಂದೆ ಸಣ್ಣಕ್ಷರದಲ್ಲಿ ಸಾಫ್ಟ್ ಜೆಲಟಿನ್ ಕ್ಯಾಪ್ಸೂಲ್ ಅಂತಿದೆ. ಜೆಲಟಿನ್ ಅಂದ್ರೆ ಸಾಮಾನ್ಯವಾಗಿ ದನ, ಹಂದಿಯ ಚರ್ಮ-ಮೂಳೆಯಿಂದ ತೆಗೆದದ್ದು. ಗೊತ್ತಾದ್ಮೇಲೆ ಅತ್ತೆ ಮುಟ್ಟುತ್ತಿಲ್ಲ. ಈರುಳ್ಳೀನೂ ಒಲೆ ಹತ್ರ ಬಿಡದವರು, ಬಲವಂತ ಮಾಡೋಕಾಗುತ್ತಾ?

ಸರಸ್ವತಿಪುರಂ, ಅಗ್ರಹಾರದ ಮೆಡಿಕಲ್‌ಗಳಲ್ಲಿ ಕೇಳಿದೆ. ಒಬ್ರು ಹಾಲಿಗೆ ಬೆರೆಸೋ ಪುಡಿಯ ಸ್ಯಾಶೆ ಕೊಟ್ರು. ಸದ್ಯ, ಜೆಲಟಿನ್ ತಪ್ಪಿತು ಅಂದ್ಕೊಂಡ್ರೆ, ಅದರಲ್ಲಿರೋ ಡಿ3 (ವಿಟಮಿನ್ ಡಿಯ ಒಂದು ರೂಪ) ಬಹುತೇಕ ಕುರಿ ಉಣ್ಣೆಯ ಜಿಡ್ಡಿನಿಂದಲೇ ಮಾಡೋದಂತೆ! ಮಸಾಲೆಗೆ ಹಾಕ್ತೀವಲ್ಲ ಕಲ್ಲುಹೂವು, ಆ ಜಾತಿಯದ್ರಿಂದ ಮಾಡಿದ ಡಿ3 ಕೂಡ ಇದೆ. ಆದ್ರೆ ಈ ಸ್ಯಾಶೆ ಮೇಲೆ ಯಾವುದರಿಂದ ಮಾಡಿದ್ದು ಅಂತಲೇ ಬರೆದಿಲ್ಲ. ಅಂಗಡಿಯವರಿಗೂ ಗೊತ್ತಿಲ್ಲ.

ಕಲ್ಲುಹೂವಿನ ಜಾತಿಯ ಡಿ3, ಇದೇ ಡೋಸ್‌ನಲ್ಲಿ ಮೈಸೂರಿನ ಯಾವ ಅಂಗಡೀಲಿ ಸಿಗುತ್ತೆ? ಪ್ಯಾಕೆಟ್ ಮೇಲೆ ಏನಂತ ಬರೆದಿದ್ರೆ ನಂಬಬಹುದು?