ಶೇ 28 ಮತ ಪಡೆದ ಪಕ್ಷ ನಾರ್ವೆಯಲ್ಲಿ ಸರ್ಕಾರ ನಡೆಸುವುದು ಹೇಗೆ?

ಪ್ರಶ್ನೆ: ರಾಜ್ಯಶಾಸ್ತ್ರ ಉಪನ್ಯಾಸಕಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಪದವಿಪೂರ್ವ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಬೋಧಿಸುತ್ತೇನೆ. ಚುನಾವಣಾ ಪದ್ಧತಿಗಳ ಪಾಠ ಮಾಡುವಾಗ ನಮ್ಮದೇ ಲೋಕಸಭಾ ಕ್ಷೇತ್ರದ 2024ರ ಫಲಿತಾಂಶವನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೆ. ಗೆದ್ದವರಿಗೂ ಎರಡನೆಯವರಿಗೂ ಇದ್ದ ಅಂತರ ಸುಮಾರು 26 ಸಾವಿರ. ಮೂರನೆಯವರಾದ ಪಕ್ಷೇತರ ಅಭ್ಯರ್ಥಿಗೆ ಬಿದ್ದ ಮತಗಳು ಆ ಅಂತರಕ್ಕಿಂತ ಹೆಚ್ಚು. ಹಾಗಾದರೆ ಆ ಮತದಾರರ ಪರವಾಗಿ ಸಂಸತ್ತಿನಲ್ಲಿ ಯಾರಿದ್ದಾರೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಮತಕ್ಕೆ ತಕ್ಕಂತೆ ಸ್ಥಾನ ಹಂಚುವ ಪದ್ಧತಿಯನ್ನು ವಿವರಿಸಲು ನಾರ್ವೆಯನ್ನು ಆರಿಸಿಕೊಂಡೆ. ಅಲ್ಲಿ 2025ರ ಸೆಪ್ಟೆಂಬರ್ 8ರಂದು ನಡೆದ ಚುನಾವಣೆಯಲ್ಲಿ ಲೇಬರ್ ಪಕ್ಷಕ್ಕೆ ಬಂದದ್ದು ಶೇ 28ರಷ್ಟು ಮತ, 169ರಲ್ಲಿ 53 ಸ್ಥಾನ. ಆದರೂ ಯೂನಾಸ್ ಗಾರ್ ಸ್ಟೋರೆ ಪ್ರಧಾನಿಯಾಗಿ ಮುಂದುವರಿದರು. ಸ್ಥಾನ ಹಂಚಿಕೆಯ ಲೆಕ್ಕವನ್ನೂ ಇಷ್ಟು ಕಡಿಮೆ ಸ್ಥಾನಗಳಲ್ಲಿ ಸರ್ಕಾರ ನಿಲ್ಲುವ ಬಗೆಯನ್ನೂ ಮಕ್ಕಳಿಗೆ ಅರ್ಥವಾಗುವಂತೆ ತಿಳಿದವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಗಣಿತ ಶಿಕ್ಷಕ, ಹೊಳಲ್ಕೆರೆ

ಮೇಡಂ, ಲೆಕ್ಕದ ಭಾಗವನ್ನು ನಾನು ಹೇಳುತ್ತೇನೆ. ಸ್ಟೋರ್ಟಿಂಗ್ ಎಂಬ ಅವರ ಸಂಸತ್ತಿಗೆ 19 ಕ್ಷೇತ್ರಗಳಿವೆ. 169 ಸ್ಥಾನಗಳಲ್ಲಿ 150 ಸ್ಥಾನಗಳು ಆಯಾ ಕ್ಷೇತ್ರದ ಮತಗಳ ಮೇಲೆಯೇ ತೀರ್ಮಾನವಾಗುತ್ತವೆ. ಉಳಿದ 19 ಸ್ಥಾನಗಳನ್ನು, ಕ್ಷೇತ್ರಕ್ಕೆ ಒಂದರಂತೆ, ದೇಶದ ಒಟ್ಟು ಮತಪ್ರಮಾಣಕ್ಕೆ ಹೋಲಿಸಿ ನೋಡಿ, ಕಡಿಮೆ ಬಿದ್ದ ಪಕ್ಷಗಳಿಗೆ ಸರಿದೂಗಿಸಲು ಬಳಸುತ್ತಾರೆ.

ನಮ್ಮ ಚಿತ್ರದುರ್ಗ ಜಿಲ್ಲೆಯ ಆರು ವಿಧಾನಸಭಾ ಸ್ಥಾನಗಳು ಸೇರಿ ಒಂದೇ ಕ್ಷೇತ್ರ ಎಂದು ಭಾವಿಸಿ. (2023ರಲ್ಲಿ ಈ ಆರರಲ್ಲಿ ಐದು ಒಂದೇ ಪಕ್ಷದ ಪಾಲಾದವು.) ಲೆಕ್ಕಕ್ಕಾಗಿ ಕಲ್ಪಿಸಿದ ಮತಗಳು ಹೀಗಿರಲಿ: 'ಅ' ಪಕ್ಷಕ್ಕೆ 4,50,000, 'ಆ' ಪಕ್ಷಕ್ಕೆ 3,30,000, 'ಇ' ಪಕ್ಷಕ್ಕೆ 1,20,000, 'ಈ' ಪಕ್ಷಕ್ಕೆ 60,000. 2021ರ ಚುನಾವಣೆಯಲ್ಲಿ ಬಳಸಿದ ಕ್ರಮದಂತೆ ಪ್ರತಿ ಪಕ್ಷದ ಮತವನ್ನು ಮೊದಲು 1.4ರಿಂದ, ಆ ಪಕ್ಷ ಒಂದು ಸ್ಥಾನ ಗಳಿಸಿದ ಮೇಲೆ 3ರಿಂದ, ಅನಂತರ 5ರಿಂದ, 7ರಿಂದ ಭಾಗಿಸುತ್ತಾ ಹೋಗಬೇಕು. ಪ್ರತಿ ಸುತ್ತಿನಲ್ಲಿ ಯಾರ ಭಾಗಲಬ್ಧ ದೊಡ್ಡದೋ ಅವರಿಗೆ ಸ್ಥಾನ. ಮೊದಲ ಸ್ಥಾನ 3,21,429ರೊಂದಿಗೆ 'ಅ'ಗೆ, ಎರಡನೆಯದು 2,35,714ರೊಂದಿಗೆ 'ಆ'ಗೆ, ಮೂರನೆಯದು 1,50,000ದೊಂದಿಗೆ ಮತ್ತೆ 'ಅ'ಗೆ, ನಾಲ್ಕನೆಯದು 1,10,000ದೊಂದಿಗೆ 'ಆ'ಗೆ, ಐದನೆಯದು 90,000ದೊಂದಿಗೆ 'ಅ'ಗೆ, ಆರನೆಯದು 85,714ರೊಂದಿಗೆ 'ಇ'ಗೆ ಹೋಗುತ್ತದೆ. ಮೂರು, ಎರಡು, ಒಂದು. 'ಈ' ಪಕ್ಷಕ್ಕೆ ಏನೂ ಸಿಗುವುದಿಲ್ಲ.

1.4 ಏಕೆ ಎಂದು ಚುರುಕಾದ ಮಕ್ಕಳು ಕೇಳಿಯೇ ಕೇಳುತ್ತಾರೆ. ಸ್ಥಾನಗಳು ಐದೇ ಇದ್ದಿದ್ದರೆ 'ಇ' ಪಕ್ಷ ಹೊರಗುಳಿಯುತ್ತಿತ್ತು. ಮೊದಲ ಭಾಜಕ 1 ಆಗಿದ್ದರೆ ಅದೇ ಪಕ್ಷಕ್ಕೆ ನಾಲ್ಕನೆಯ ಸ್ಥಾನವೇ ಬರುತ್ತಿತ್ತು. ಸಣ್ಣ ಪಕ್ಷಗಳು ಮೊದಲ ಸ್ಥಾನವನ್ನು ಅತಿ ಸುಲಭವಾಗಿ ಪಡೆಯದಂತೆ ಇಟ್ಟ ತಡೆ ಅದು. ಈ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ, ಮತಗಳನ್ನು ಬದಲಿಸಿ ಮತ್ತೆ ಮಾಡಿಸಿ.

ಉತ್ತರ 2: ಹಿರಿಯೂರಿನವನು, ಸದ್ಯ ಓಸ್ಲೋ

ಗುರುಗಳ ಲೆಕ್ಕಕ್ಕೆ ಒಂದು ಮಾತು ಸೇರಿಸುತ್ತೇನೆ. ಆ 19 ಸರಿದೂಗಿಸುವ ಸ್ಥಾನಗಳಲ್ಲಿ ಪಾಲು ಬೇಕಾದರೆ ದೇಶದಾದ್ಯಂತ ಕನಿಷ್ಠ ಶೇ 4 ಮತ ಬಂದಿರಬೇಕು. 2025ರಲ್ಲಿ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷ ಶೇ 4.2 ಪಡೆದು 7 ಸ್ಥಾನ ಗಳಿಸಿತು; ಲಿಬರಲ್ ಪಕ್ಷ ಶೇ 3.7ಕ್ಕೆ ನಿಂತು 3 ಸ್ಥಾನಕ್ಕೆ ಇಳಿಯಿತು. ಹೀಗಾಗಿ ಮತ ಎಣಿಕೆಯ ರಾತ್ರಿ ಇಲ್ಲಿಯವರ ಕಣ್ಣೆಲ್ಲ ಈ ಶೇ 4ರ ಗೆರೆಯ ಮೇಲೆಯೇ ಇರುತ್ತದೆ.

ಆದರೆ ಕ್ಷೇತ್ರದ ಸ್ಥಾನಕ್ಕೆ ಈ ಮಿತಿ ಇಲ್ಲ, ಮತ್ತು ಮೇಡಂ ಅವರ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ದೇಶದ ಉತ್ತರದ ತುದಿಯಲ್ಲಿ ಫಿನ್‌ಮಾರ್ಕ್ ಎಂಬ ಕ್ಷೇತ್ರವಿದೆ. ವಿಸ್ತಾರ ಬಹಳ, ಜನ ಸುಮಾರು 75 ಸಾವಿರ. ಅಲ್ಲಿನ ಆಲ್ಟಾ ಪಟ್ಟಣದವರಿಗೆ ದೊಡ್ಡ ಆಸ್ಪತ್ರೆ ಎಂದರೆ ಸುಮಾರು 140 ಕಿ.ಮೀ. ದೂರದ ಹ್ಯಾಮರ್‌ಫೆಸ್ಟ್. ತಮ್ಮ ಊರಿಗೂ ಆಸ್ಪತ್ರೆ ಬೇಕು ಎಂಬ ಒಂದೇ ಬೇಡಿಕೆಯನ್ನು ಮುಂದಿಟ್ಟು 'ಪೇಷಂಟ್ ಫೋಕಸ್' ಎಂಬ ಪಟ್ಟಿ (ಇಲ್ಲಿ ಮತ ಹಾಕುವುದು ಒಬ್ಬ ಅಭ್ಯರ್ಥಿಗಲ್ಲ, ಅಭ್ಯರ್ಥಿಗಳ ಪಟ್ಟಿಗೆ) 2021ರಲ್ಲಿ ಸ್ಪರ್ಧಿಸಿ ಒಂದು ಸ್ಥಾನ ಗೆದ್ದಿತು. ದೇಶದ ಒಟ್ಟು ಮತದಲ್ಲಿ ಅದರ ಪಾಲು ಶೇ 1ಕ್ಕಿಂತ ಬಹಳ ಕಡಿಮೆ. 2025ರಲ್ಲಿ ಆ ಸ್ಥಾನ ಉಳಿಯಲಿಲ್ಲ, ಆದರೆ ಒಂದು ಊರಿನ ಅಳಲು ನಾಲ್ಕು ವರ್ಷ ರಾಷ್ಟ್ರದ ಸಂಸತ್ತಿನಲ್ಲಿ ತನ್ನದೇ ಪ್ರತಿನಿಧಿಯ ಮೂಲಕ ಕೇಳಿಸಿತು. ಫಿನ್‌ಮಾರ್ಕ್‌ನಂಥ ಕಡೆ ಜನರು ಕಡಿಮೆಯಿದ್ದರೂ ಸ್ಥಾನಗಳು ತೀರ ಕುಗ್ಗದಿರುವುದಕ್ಕೆ ಕಾರಣ ಸಂವಿಧಾನದ ಸೂತ್ರ: ಕ್ಷೇತ್ರಗಳಿಗೆ ಸ್ಥಾನ ನಿಗದಿ ಮಾಡುವಾಗ ಪ್ರತಿ ನಿವಾಸಿಗೆ 1 ಅಂಕ, ಪ್ರತಿ ಚದರ ಕಿ.ಮೀ.ಗೆ 1.8 ಅಂಕ. ಭದ್ರಾ ಮೇಲ್ದಂಡೆಯ ನೀರಿಗಾಗಿ ವರ್ಷಗಟ್ಟಲೆ ಕಾದಿರುವ ನಮ್ಮ ಸೀಮೆಯಿಂದ ಬಂದವನಾದ್ದರಿಂದ ಈ ವ್ಯವಸ್ಥೆಯ ಬಗ್ಗೆ ನನಗೆ ಗೌರವವಿದೆ.

ಸರ್ಕಾರ ರಚನೆಯ ವಿಷಯಕ್ಕೆ ಬಂದರೆ, ಹೊಸ ಪ್ರಧಾನಿ ಇಲ್ಲಿ ವಿಶ್ವಾಸಮತ ಯಾಚಿಸಬೇಕಾಗಿಲ್ಲ. ಸದನದ ಬಹುಮತ ಅವಿಶ್ವಾಸ ನಿರ್ಣಯ ಅಂಗೀಕರಿಸದಿದ್ದರೆ ಸಾಕು. ಲೇಬರ್, ಸೋಷಿಯಲಿಸ್ಟ್ ಲೆಫ್ಟ್, ಸೆಂಟರ್, ರೆಡ್, ಗ್ರೀನ್ ಈ ಐದೂ ಸೇರಿ 88 ಸ್ಥಾನ. ಎದುರು ಬಣಕ್ಕೆ 81. ಈ ಐದರಲ್ಲಿ ಸರ್ಕಾರದ ಒಳಗಿರುವುದು ಲೇಬರ್ ಒಂದೇ. ರೈತರ ಪಕ್ಷವಾಗಿ 1920ರಲ್ಲಿ ಹುಟ್ಟಿದ ಸೆಂಟರ್ ಪಕ್ಷವಂತೂ ಮೊದಲು ಸಚಿವ ಸಂಪುಟದಲ್ಲಿದ್ದು, ಐರೋಪ್ಯ ಒಕ್ಕೂಟದ ಇಂಧನ ನಿಯಮಗಳನ್ನು ಒಪ್ಪದೆ 2025ರ ಆರಂಭದಲ್ಲಿ ಹೊರಬಂದಿತ್ತು. ಹಾಗಾಗಿ ಬಜೆಟ್ ಮಂಡಿಸಿದಾಗಲೆಲ್ಲ ಲೇಬರ್ ಪಕ್ಷ ಉಳಿದವರೊಂದಿಗೆ ಕೂತು ಮಾತನಾಡಲೇಬೇಕು. ಬಲಪಂಥದಲ್ಲಿಯೂ ದೊಡ್ಡ ಬದಲಾವಣೆಯಾಯಿತು: 2021ರಲ್ಲಿ 21 ಸ್ಥಾನವಿದ್ದ ಪ್ರೋಗ್ರೆಸ್ ಪಕ್ಷ 47ಕ್ಕೆ ಏರಿತು, ಎರ್ನಾ ಸೋಲ್ಬರ್ಗ್ ಅವರ ಕನ್ಸರ್ವೇಟಿವ್ ಪಕ್ಷ 36ರಿಂದ 24ಕ್ಕೆ ಕುಸಿಯಿತು.

ಉತ್ತರ 3: ವಕೀಲ, ಚಿತ್ರದುರ್ಗ

ಇಬ್ಬರ ವಿವರಣೆಯೂ ಚೆನ್ನಾಗಿದೆ. ಆದರೆ ಈ ಪದ್ಧತಿಯ ಕುರಿತು ನನ್ನ ಆಕ್ಷೇಪವೊಂದನ್ನು ಮಕ್ಕಳಿಗೆ ತಿಳಿಸದಿದ್ದರೆ ಪಾಠ ಅರ್ಧವಾಗುತ್ತದೆ. ನಮ್ಮಲ್ಲಿ ಬೋರ್‌ವೆಲ್ ಕೆಟ್ಟರೂ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದಿದ್ದರೂ ಜನ ಬೆಳಿಗ್ಗೆ ಶಾಸಕರ ಮನೆ ಮುಂದೆ ನಿಲ್ಲುತ್ತಾರೆ. ಯಾರನ್ನು ಕೇಳಬೇಕು, ಮುಂದಿನ ಸಲ ಯಾರನ್ನು ಸೋಲಿಸಬೇಕು ಎಂಬುದು ಅವರಿಗೆ ಗೊತ್ತಿದೆ. ಪಟ್ಟಿಗೆ ಮತ ಹಾಕುವ ಕಡೆ ಪಟ್ಟಿಯ ಮೊದಲ ಹೆಸರು ಯಾರದ್ದಾಗಬೇಕೆಂದು ಪಕ್ಷ ನಿರ್ಧರಿಸುತ್ತದೆ. ನಮ್ಮ ಪಕ್ಷಗಳ ಕೈಗೆ ಆ ಅಧಿಕಾರ ಕೊಟ್ಟರೆ ಏನಾದೀತು ಎಂದು ಯೋಚಿಸಿ.

ಉತ್ತರ 4: ಹಿರಿಯೂರಿನವನು, ಸದ್ಯ ಓಸ್ಲೋ

ವಕೀಲರೇ, ತಮ್ಮ ಆತಂಕ ನ್ಯಾಯವಾದದ್ದು. ಆದರೆ ನಾರ್ವೆಯಲ್ಲಿ ಆ ಪಟ್ಟಿ ಎಲ್ಲಿ ತಯಾರಾಗುತ್ತದೆ ಎಂಬುದನ್ನು ಗಮನಿಸಬೇಕು. ಪ್ರತಿ ಕ್ಷೇತ್ರದಲ್ಲಿ ಪಕ್ಷದ ಸ್ಥಳೀಯ ಘಟಕಗಳ ಪ್ರತಿನಿಧಿಗಳು ಸಭೆ ಸೇರಿ, ಒಂದೊಂದು ಹೆಸರಿಗೂ ಮತ ಹಾಕಿ ಪಟ್ಟಿಯ ಕ್ರಮವನ್ನು ತೀರ್ಮಾನಿಸುತ್ತಾರೆ. ಓಸ್ಲೋದ ಕೇಂದ್ರ ನಾಯಕತ್ವ ಅದನ್ನು ತಿದ್ದುವಂತಿಲ್ಲ. ನಮ್ಮಲ್ಲಿ ಒಂಟಿ ಅಭ್ಯರ್ಥಿಯ ಪದ್ಧತಿಯೇ ಇದ್ದರೂ ಟಿಕೆಟ್ಟಿಗಾಗಿ ಬೆಂಗಳೂರು, ದಿಲ್ಲಿ ಅಲೆಯಬೇಕು, ಬಿ ಫಾರಂ ಕೈಗೆ ಬರುವವರೆಗೂ ಜಿಲ್ಲೆಯ ಕಾರ್ಯಕರ್ತರಿಗೆ ತಮ್ಮ ಅಭ್ಯರ್ಥಿ ಯಾರೆಂದೇ ಖಚಿತವಿರುವುದಿಲ್ಲ. ಹಾಗಾಗಿ ಪಟ್ಟಿಯೋ ಒಂಟಿ ಹೆಸರೋ ಎಂಬುದಕ್ಕಿಂತ ಹೆಸರನ್ನು ಯಾವ ಊರಿನಲ್ಲಿ, ಯಾರು ಆರಿಸುತ್ತಾರೆ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ.

ನಾನು ಇಲ್ಲಿಯ ಪೌರನಲ್ಲದ ಕಾರಣ ಸಂಸತ್ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ಆದರೆ ಮೂರು ವರ್ಷ ಕಾನೂನುಬದ್ಧವಾಗಿ ನೆಲೆಸಿದವರಿಗೆ ಸ್ಥಳೀಯ ಚುನಾವಣೆಯಲ್ಲಿ ಹಕ್ಕುಂಟು, 2023ರಲ್ಲಿ ಅದನ್ನು ಚಲಾಯಿಸಿದ್ದೇನೆ. ಮತಯಂತ್ರವಿಲ್ಲ. ಮರೆಯೊಳಗೆ ಪ್ರತಿ ಪಕ್ಷದ್ದೂ ಬೇರೆ ಬೇರೆ ಮತಪತ್ರ ಜೋಡಿಸಿಟ್ಟಿರುತ್ತಾರೆ. ಬೇಕಾದದ್ದನ್ನು ತೆಗೆದು, ಪಕ್ಷದ ಹೆಸರು ಒಳಗೆ ಬರುವಂತೆ ಮಡಚಿ ತಂದರೆ ಸಿಬ್ಬಂದಿ ಹೊರಮೈಗೆ ಮುದ್ರೆ ಒತ್ತುತ್ತಾರೆ, ಪೆಟ್ಟಿಗೆಗೆ ಹಾಕುವುದು ನಮ್ಮ ಕೈಯಿಂದಲೇ. ಚುನಾವಣೆಗೆ ಮುನ್ನ ಓಸ್ಲೋದ ಮುಖ್ಯ ಬೀದಿಯಲ್ಲಿ ಎಲ್ಲ ಪಕ್ಷಗಳ ಸಣ್ಣ ಮರದ ಗೂಡುಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಲೇಬರ್ ಪಕ್ಷದವರು ಕೆಂಪು ಗುಲಾಬಿ ಹಂಚುತ್ತಾರೆ.

ಪ್ರಶ್ನೆ ಕೇಳಿದವರು: ರಾಜ್ಯಶಾಸ್ತ್ರ ಉಪನ್ಯಾಸಕಿ, ದಾವಣಗೆರೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಆರು ಸ್ಥಾನಗಳ ಲೆಕ್ಕವನ್ನು ಸೋಮವಾರದ ತರಗತಿಯಲ್ಲಿ ಮಾಡಿಸುತ್ತೇನೆ. ಉಪಚುನಾವಣೆಯ ಬಗ್ಗೆಯೂ ಒಂದು ಮಾತು ತಿಳಿಸುವಿರಾ? ಸದಸ್ಯರೊಬ್ಬರು ತೀರಿಕೊಂಡರೆ ಅಥವಾ ಸಚಿವರಾದರೆ ಪಟ್ಟಿಯ ಪದ್ಧತಿಯಲ್ಲಿ ಏನು ಮಾಡುತ್ತಾರೆ?

ಉತ್ತರ 5: ವಕೀಲ, ಚಿತ್ರದುರ್ಗ

ಅಲ್ಲಿ ಉಪಚುನಾವಣೆಯೇ ಇಲ್ಲ, ಮೇಡಂ. ಅದೇ ಪಟ್ಟಿಯಲ್ಲಿ ಮುಂದಿನ ಕ್ರಮಾಂಕದಲ್ಲಿದ್ದವರು ಬದಲಿ ಸದಸ್ಯರಾಗಿ ಬರುತ್ತಾರೆ. ಸಚಿವರಾದವರು ಆ ಹುದ್ದೆಯಲ್ಲಿ ಇರುವಷ್ಟು ಕಾಲ ಸದಸ್ಯರಾಗಿ ಕೂರುವಂತಿಲ್ಲವಾದ್ದರಿಂದ ಅವರ ಜಾಗಕ್ಕೂ ಬದಲಿ ಸದಸ್ಯರೇ ಬರುತ್ತಾರೆ. ನಾಲ್ಕು ವರ್ಷದ ಅವಧಿ ಮುಗಿಯುವ ಮೊದಲು ಸಂಸತ್ತನ್ನು ವಿಸರ್ಜಿಸುವುದಕ್ಕೂ ಅವಕಾಶವಿಲ್ಲ; ಸರ್ಕಾರ ಬಿದ್ದರೆ ಇರುವ 169 ಮಂದಿಯ ನಡುವೆಯೇ ಬೇರೆ ಸರ್ಕಾರ ಕಟ್ಟಿಕೊಳ್ಳಬೇಕು. ಪಟ್ಟಿಯ ಬಗ್ಗೆ ನನ್ನ ಆಕ್ಷೇಪ ಪೂರ್ತಿ ಹೋಗಿಲ್ಲ, ಆದರೆ ಈ ಒಂದು ನಿಯಮ ನಮ್ಮ ವಿಧಾನಸಭೆಗೂ ಬರಬೇಕೆಂದು ನಾನು ಬಯಸುತ್ತೇನೆ.