ಸಹಾಯ ಬೇಕು: ಬಕೆಟ್‌ನ ಬುಕೇ ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಬಿಬಿಸಿಯ ಹಳೇ ಹಾಸ್ಯ ಧಾರಾವಾಹಿ ‘ಕೀಪಿಂಗ್ ಅಪ್ ಅಪಿಯರೆನ್ಸಸ್’ಗೆ (1990–95) ಅಮ್ಮನಿಗೋಸ್ಕರ ಕನ್ನಡ ಸಬ್‌ಟೈಟಲ್ ಬರೀತಿದ್ದೀನಿ. ಹೆಸರಲ್ಲೇ ಸಿಕ್ಕಿಹಾಕ್ಕೊಂಡೆ.

ನಾಯಕಿ ಹಯಸಿಂತ್‌ಗೆ ಗಂಡನ ಕಡೆಯಿಂದ ಬಂದ ಹೆಸರು ಬಕೆಟ್. ದೊಡ್ಡಸ್ತಿಕೆಗೆ ಅದು ಸಾಲದು ಅಂತ ಫೋನ್ ಎತ್ತಿದಾಗಲೆಲ್ಲ ಫ್ರೆಂಚ್ ಧಾಟೀಲಿ ‘ಬುಕೇ’ (ಹೂಗುಚ್ಛ) ಅಂತ ರಾಗ ಎಳೀತಾಳೆ. ಇತ್ತ ಅವಳ ತಂಗಿ ಡೇಸಿಯ ಗಂಡ ಆನ್‌ಸ್ಲೋ ಬನಿಯನ್‌ನಲ್ಲೇ ಬಿಯರ್ ಹಿಡ್ಕೊಂಡು ಟಿವಿ ಮುಂದೆ! ಆ ನಂಟೇ ಇವಳಿಗೆ ನುಂಗಲಾರದ ತುತ್ತು.

‘ಬಕೆಟ್’ ಅಂತಲೇ ಬಿಟ್ಟೆ. ಅಮ್ಮ, “ಯಾರಿಗೆ ಬಕೆಟ್ ಹಿಡೀತಾಳೆ?” ಅಂದ್ರು. (ಊರಿನ ಗಣ್ಯರಿಗೆಲ್ಲ ಹಿಡೀತಾಳೆ, ಅದು ಬೇರೆ ಮಾತು.) ‘ಕೊಡ’, ‘ತಂಬಿಗೆ’ ಹಾಕಿ ನೋಡಿದೆ, ಇಂಗ್ಲೆಂಡೇ ಮಾಯವಾಯ್ತು.

ಅನುವಾದ ಮಾಡೋರು ಯಾರಾದ್ರೂ ದಾರಿ ತೋರಿಸ್ತೀರಾ? ಅಡಿಟಿಪ್ಪಣಿ ಮಾತ್ರ ಬೇಡ, ಅಮ್ಮ ಓದಲ್ಲ.